ಹೊಸದಾಗಿ ಕೋಳಿ ಸಾಕುವವರಿಗೆ: ತಳಿಯ ಆಯ್ಕೆ ಮತ್ತು ಮರಿಗಳ ಪಾಲನೆ

ನಮ್ಮ ಒಕ್ಕಲು ಮನೆತನಗಳಿಗೆ ಕೋಳಿ ಸಾಕಣೆ ಹೊಸದಲ್ಲ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಇಲ್ಲದ ಮನೆ ಸಿಗುವುದು ಅಪರೂಪ. ಆದರೆ ಇದನ್ನೇ ಆದಾಯ ತರುವ ಉಪಕಸುಬನ್ನಾಗಿ ಮಾಡಬೇಕೆಂದು ಹೊರಟು, ಒಮ್ಮೆಲೇ ಐವತ್ತು ಅಥವಾ ನೂರು ಮರಿ ತಂದವರಲ್ಲಿ ಅನೇಕರು ಮೊದಲ ತಿಂಗಳಲ್ಲಿಯೇ ಕೈ ಸುಟ್ಟುಕೊಳ್ಳುತ್ತಾರೆ. ಜಾಂಬೋಟಿ ಕಡೆಯ ಒಬ್ಬ ರೈತ ಮಹಿಳೆ ಸ್ವಸಹಾಯ ಸಂಘದಿಂದ ಸಾಲ ಪಡೆದು, ಜುಲೈ ತಿಂಗಳಲ್ಲಿ ಒಂದು ದಿನದ ಐವತ್ತು ಮರಿಗಳನ್ನು ತಂದಿದ್ದರು. ನಾಲ್ಕನೆಯ ರಾತ್ರಿ ಮಳೆಗಾಳಿಗೆ ವಿದ್ಯುತ್ ಹೋಯಿತು. ಬೆಳಿಗ್ಗೆ ನೋಡಿದಾಗ ಮರಿಗಳು ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. "ಯಾವ ರೋಗ ಬಂದಿತ್ತು ಸರ್?" ಎಂದು ಅವರು ಕೇಳಿದರು. ಯಾವ ರೋಗವೂ ಬಂದಿರಲಿಲ್ಲ. ಚಳಿಗೆ ಮೂಲೆ ಸೇರಿ, ಒತ್ತಡದಿಂದ ಉಸಿರುಗಟ್ಟಿ ಮರಿಗಳು ಸತ್ತಿದ್ದವು. ಸಾಲ ಮಾತ್ರ ಹಾಗೆಯೇ ಉಳಿಯಿತು.

ಇಂತಹ ನಷ್ಟವನ್ನು ತಪ್ಪಿಸುವುದು ಕಷ್ಟವಲ್ಲ. ನಮ್ಮ ಹವೆಗೆ ಮತ್ತು ನಮ್ಮ ಮಾರುಕಟ್ಟೆಗೆ ಹೊಂದುವ ತಳಿಯನ್ನು ಆರಿಸುವುದು, ಸರಿಯಾದ ಕಾಲದಲ್ಲಿ ಮರಿ ತರುವುದು, ಮೊದಲ ನಾಲ್ಕು ವಾರ ಕಾವು ಕೊಟ್ಟು ಜೋಪಾನ ಮಾಡುವುದು, ಈ ಮೂರು ಸಂಗತಿಗಳನ್ನು ತಿಳಿದಿದ್ದರೆ ಸಾಕು. ಅವುಗಳನ್ನು ಕೆಳಗೆ ವಿವರಿಸಲಾಗಿದೆ.

ನಮ್ಮ ಭಾಗದ ಹವೆ ಮತ್ತು ಮಾರುಕಟ್ಟೆ

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ತಾಪ ಬಯಲುಸೀಮೆಯಷ್ಟು ಇರುವುದಿಲ್ಲ. ಚಳಿಗಾಲದ ರಾತ್ರಿಗಳು ತಂಪು. ಖಾನಾಪುರ ತಾಲ್ಲೂಕು ಸಹ್ಯಾದ್ರಿಯ ಮಗ್ಗುಲಲ್ಲಿದ್ದು ಗುಡ್ಡಗಾಡು ವಲಯಕ್ಕೆ ಸೇರಿದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆ ಮಳೆ ಅತಿಯಾಗುತ್ತದೆ. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಗೋಡೆ, ನೆಲ, ಗಾಳಿ ಎಲ್ಲವೂ ತೇವವಾಗಿರುತ್ತವೆ. ಈ ತೇವವೇ ಕೋಳಿಮರಿಗಳ ಮೊದಲ ವೈರಿ.

ಇನ್ನೊಂದು ಕಡೆಯಿಂದ ನೋಡಿದರೆ ಈ ಭಾಗಕ್ಕೆ ಕೆಲವು ಅನುಕೂಲಗಳಿವೆ. ಭತ್ತದ ನಾಡಾದ್ದರಿಂದ ಅಕ್ಕಿ ಗಿರಣಿಗಳಲ್ಲಿ ಹೊಟ್ಟು, ತೌಡು, ನುಚ್ಚು ಸಿಗುತ್ತವೆ. ಬೆಳಗಾವಿ ಜಿಲ್ಲೆಯಲ್ಲಿ ಗೋವಿನಜೋಳ ಮತ್ತು ಸೋಯಾ ಅವರೆ ಬೆಳೆಯುತ್ತವೆ. ಬೆಳಗಾವಿ ನಗರ ಹತ್ತಿರವಿದೆ. ಚೋರ್ಲಾ ಘಟ್ಟದ ದಾರಿಯಲ್ಲಿ ಗೋವೆಯೂ ದೂರವಲ್ಲ. ಜವಾರಿ ಕೋಳಿ ಮತ್ತು ಕಂದು ಬಣ್ಣದ ತತ್ತಿಗೆ ಈ ಎರಡೂ ಕಡೆ ಫಾರ್ಮ್ ಕೋಳಿಗಿಂತ ಹೆಚ್ಚಿನ ಬೆಲೆ ದೊರೆಯುತ್ತದೆ. ಹಿತ್ತಲ ಕೋಳಿಯಿಂದ ಬರುವ ಲಾಭದ ಗುಟ್ಟು ಇಲ್ಲಿದೆ.

ಯಾವ ತಳಿ ಒಳ್ಳೆಯದು?

"ಎಲ್ಲಕ್ಕಿಂತ ಒಳ್ಳೆಯ ತಳಿ ಯಾವುದು?" ಎಂದು ಕೇಳುವ ಮೊದಲು, "ನನಗೆ ಬೇಕಾದದ್ದು ತತ್ತಿಯೋ, ಮಾಂಸವೋ, ಎರಡೂ ಸ್ವಲ್ಪ ಸ್ವಲ್ಪವೋ?" ಎಂದು ತಮ್ಮನ್ನೇ ಕೇಳಿಕೊಳ್ಳಬೇಕು.

1. ಜವಾರಿ ಕೋಳಿ: ವರ್ಷಕ್ಕೆ 50 ರಿಂದ 60 ತತ್ತಿ ಮಾತ್ರ ಇಡುತ್ತದೆ. ಬೆಳವಣಿಗೆ ನಿಧಾನ. ಆದರೆ ತನ್ನ ಮೇವನ್ನು ತಾನೇ ಹುಡುಕಿಕೊಳ್ಳುತ್ತದೆ. ಹದ್ದು ಕಂಡರೆ ಮರೆ ಸೇರುತ್ತದೆ. ತಾನೇ ಕಾವಿಗೆ ಕುಳಿತು ಮರಿ ಮಾಡುತ್ತದೆ. ಕೈಯಲ್ಲಿ ಬಂಡವಾಳ ಇಲ್ಲದವರು ಇದನ್ನು ಬಿಡಬಾರದು.

2. ಗಿರಿರಾಜ: ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆಯಾದ, ನಮ್ಮ ರಾಜ್ಯದ ರೈತರಿಗೆ ಚಿರಪರಿಚಿತವಾದ ತಳಿ. ಬಣ್ಣ ಬಣ್ಣದ ಪುಕ್ಕವಿರುವುದರಿಂದ ನೋಡಲು ಜವಾರಿ ಕೋಳಿಯಂತೆಯೇ ಇರುತ್ತದೆ. ಮಾಂಸಕ್ಕೂ ತತ್ತಿಗೂ ಆಗುತ್ತದೆ. ವರ್ಷಕ್ಕೆ ಸುಮಾರು 140 ರಿಂದ 150 ಕಂದು ತತ್ತಿ ಇಡುತ್ತದೆ. ಮೈ ಭಾರವಾದ್ದರಿಂದ ಹಾರಿ ತಪ್ಪಿಸಿಕೊಳ್ಳುವ ಚುರುಕು ಕಡಿಮೆ, ಕಾವಿಗೂ ಕೂಡುವುದಿಲ್ಲ.

3. ಸ್ವರ್ಣಧಾರ: ಇದೂ ಹೆಬ್ಬಾಳದ ಕಾಲೇಜಿನದೇ. ಗಿರಿರಾಜಕ್ಕಿಂತ ಮೈ ಸ್ವಲ್ಪ ಹಗುರ, ತತ್ತಿ ಹೆಚ್ಚು. ವರ್ಷಕ್ಕೆ 180 ರಿಂದ 190. ಹಗುರವಾಗಿರುವುದರಿಂದ ಕಾಡುಬೆಕ್ಕು, ನಾಯಿಗಳಿಂದ ತಪ್ಪಿಸಿಕೊಳ್ಳುವ ಶಕ್ತಿ ಹೆಚ್ಚು.

4. ವನರಾಜ ಮತ್ತು ಗ್ರಾಮಪ್ರಿಯ: ಇವೆರಡನ್ನೂ ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದವರು ಹಿತ್ತಲ ಸಾಕಣೆಗೆಂದೇ ರೂಪಿಸಿದ್ದಾರೆ. ವನರಾಜ ಮಾಂಸದ ಕಡೆಗೆ ವಾಲಿದ ತಳಿ. ಹಿತ್ತಲಲ್ಲಿ ವರ್ಷಕ್ಕೆ 100 ರಿಂದ 110 ತತ್ತಿ. ಗ್ರಾಮಪ್ರಿಯ ಮುಖ್ಯವಾಗಿ ತತ್ತಿಯ ತಳಿ. ಚೆನ್ನಾಗಿ ಆಹಾರ ಕೊಟ್ಟರೆ 200ಕ್ಕೂ ಹೆಚ್ಚು ತತ್ತಿ ಕೊಡಬಲ್ಲದು.

5. ಬಿಳಿ ಲೆಗ್‌ಹಾರ್ನ್ ಮತ್ತು ಬ್ರಾಯ್ಲರ್: ಮೊದಲನೆಯದು ವರ್ಷಕ್ಕೆ 250 ರಿಂದ 300 ತತ್ತಿ ಇಡುತ್ತದೆ, ಎರಡನೆಯದು ಆರು ವಾರಗಳಲ್ಲಿ ಎರಡು ಕಿಲೋ ದಾಟುತ್ತದೆ. ಆದರೆ ಇವೆರಡೂ ಪೂರ್ಣ ಕೊಟ್ಟಿಗೆಯಲ್ಲಿ, ಪೂರ್ಣ ಕೊಂಡ ಆಹಾರದ ಮೇಲೆ ಬದುಕುವಂಥವು. ಹಿತ್ತಲಿಗೆ ಬಿಟ್ಟು ಸಾಕಲು ಯೋಗ್ಯವಲ್ಲ. ಹೊಸಬರು ಇವುಗಳಿಂದ ಪ್ರಾರಂಭಿಸಕೂಡದು.

6. ಕಡಕನಾಥ: ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಪ್ಪು ಕೋಳಿ. ಇದರ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಬೇಡಿಕೆಯ ಸುದ್ದಿ ಎಲ್ಲೆಡೆ ಹಬ್ಬಿತು. ತಳಿಯಲ್ಲಿ ದೋಷವಿಲ್ಲ, ಆದರೆ ಬೆಳವಣಿಗೆ ನಿಧಾನ, ಕೊಳ್ಳುವವರು ಎಲ್ಲ ಊರುಗಳಲ್ಲಿಯೂ ಇಲ್ಲ. ನೆರೆಯ ಸಾಂಗ್ಲಿ ಜಿಲ್ಲೆಯ ಕಡೆ ಮರುಖರೀದಿಯ ಭರವಸೆ ನಂಬಿ ಈ ಕೋಳಿಗೆ ಹಣ ಹೂಡಿದ ರೈತರು 2019ರಲ್ಲಿ ಮೋಸ ಹೋದುದನ್ನು ನಮ್ಮ ಗಡಿಭಾಗದವರು ನೆನಪಿಡಬೇಕು. "ಮರಿ ನಾವು ಕೊಡುತ್ತೇವೆ, ಕೋಳಿ ನಾವೇ ಕೊಳ್ಳುತ್ತೇವೆ" ಎಂಬ ಮಾತು ಕೇಳಿದಾಗ ಮುಂಗಡ ಕೊಡುವ ಮೊದಲು ಎರಡು ಸಲ ಯೋಚಿಸಬೇಕು.

ಖಾನಾಪುರದ ಗುಡ್ಡಗಾಡಿನ ಹಳ್ಳಿಗಳಲ್ಲಿ, ಕಾಡಿನ ಅಂಚಿಗೆ ಮನೆಯಿದ್ದವರಿಗೆ ಸ್ವರ್ಣಧಾರ ಅಥವಾ ಗ್ರಾಮಪ್ರಿಯ ಹೆಚ್ಚು ಹೊಂದುತ್ತವೆ. ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ ಬೇಲಿ ಹಾಕಿದ ಹಿತ್ತಲಿದ್ದು, ಹುಂಜಗಳನ್ನು ಮಾಂಸಕ್ಕೆ ಮಾರುವ ಉದ್ದೇಶವಿದ್ದರೆ ಗಿರಿರಾಜ ಅಥವಾ ವನರಾಜ ಆರಿಸಬಹುದು. ಯಾವುದನ್ನು ಆರಿಸಿದರೂ ಎರಡು ಮೂರು ಜವಾರಿ ಹೇಂಟೆಗಳನ್ನು ಜೊತೆಗಿಟ್ಟುಕೊಳ್ಳುವುದು ಲೇಸು; ಕಾವಿಗೆ ಅವೇ ಆಧಾರ. ವನರಾಜ, ಗ್ರಾಮಪ್ರಿಯಗಳಂತಹ ಕೋಳಿಗಳು ಬೇರೆ ಬೇರೆ ವಂಶಗಳ ಮಿಶ್ರಣದಿಂದ ಬಂದವು. ಅವುಗಳ ತತ್ತಿಯನ್ನು ಮನೆಯಲ್ಲಿ ಮರಿ ಮಾಡಿಸಿದರೆ ಎಲ್ಲ ಮರಿಗಳೂ ತಾಯಿಯಂತೆಯೇ ಆಗುವುದಿಲ್ಲ. ನಾವು ಸಂಕರಣ ಗೋವಿನಜೋಳದ ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳುವಂತೆಯೇ ಇಲ್ಲಿಯೂ ಹೊಸ ಮರಿ ತರಬೇಕಾಗುತ್ತದೆ.

ಮರಿ ಕೊಳ್ಳುವಾಗ ಎಚ್ಚರ

ಸಂತೆಯಲ್ಲಿ ಬುಟ್ಟಿಯಲ್ಲಿ ತಂದು ಮಾರುವ ಅಗ್ಗದ ಮರಿಗಳಲ್ಲಿ, ಅದರಲ್ಲಿಯೂ ಗುಲಾಬಿ, ಹಸಿರು ಬಣ್ಣ ಹಚ್ಚಿದವುಗಳಲ್ಲಿ, ತತ್ತಿ ತಳಿಯ ಗಂಡುಮರಿಗಳೇ ಹೆಚ್ಚು. ಅವು ತತ್ತಿ ಇಡುವುದಿಲ್ಲ, ಮೈಯನ್ನೂ ತುಂಬಿಕೊಳ್ಳುವುದಿಲ್ಲ. ಕಡಿಮೆ ಬೆಲೆಗೆ ಮರುಳಾಗಬಾರದು. ಪಶುವೈದ್ಯಕೀಯ ಕಾಲೇಜು, ಸರ್ಕಾರಿ ಕೋಳಿ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ನಂಬಿಕೆಯ ಮರಿ ಕೇಂದ್ರದಿಂದಲೇ ತರಬೇಕು. ಬೆಳಗಾವಿ ಜಿಲ್ಲೆಯವರು ತುಕ್ಕಾನಟ್ಟಿ ಹಾಗೂ ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಲಹೆ ಪಡೆಯಬಹುದು.

ಒಳ್ಳೆಯ ಮರಿಯ ಕಣ್ಣು ಹೊಳೆಯುತ್ತಿರುತ್ತದೆ. ಹೊಕ್ಕಳು ಒಣಗಿ ಮುಚ್ಚಿರುತ್ತದೆ. ಹಿಂಭಾಗಕ್ಕೆ ಹಿಕ್ಕೆ ಅಂಟಿರುವುದಿಲ್ಲ. ಅಂಗಾತ ಮಲಗಿಸಿದರೆ ಕೂಡಲೇ ಎದ್ದು ನಿಲ್ಲುತ್ತದೆ. ಮಾರೆಕ್ಸ್ ರೋಗದ ಲಸಿಕೆಯನ್ನು ಮೊದಲ ದಿನ ಮರಿ ಕೇಂದ್ರದಲ್ಲಿಯೇ ಹಾಕಿರಬೇಕು. ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಹೊಸಬರಿಗೆ ಇನ್ನೊಂದು ಸುಲಭ ದಾರಿಯಿದೆ. ಕಾವಿನ ಅವಧಿ ಮುಗಿಸಿದ, ನಾಲ್ಕರಿಂದ ಆರು ವಾರದ ಮರಿಗಳು ಸಿಗುವಲ್ಲಿ ಅವನ್ನೇ ಕೊಳ್ಳಬಹುದು. ಬೆಲೆ ಹೆಚ್ಚಾದರೂ ಸಾವು ಕಡಿಮೆ. ಮೊದಲ ಸಲ 25 ಮರಿಗಳಿಗಿಂತ ಹೆಚ್ಚು ತರದಿರುವುದು ಜಾಣತನ.

ಯಾವ ತಿಂಗಳಲ್ಲಿ ತರಬೇಕು?

ನಮ್ಮ ಭಾಗಕ್ಕೆ ಅಕ್ಟೋಬರ್ ಮತ್ತು ಫೆಬ್ರವರಿ ತಿಂಗಳುಗಳು ಸೂಕ್ತ. ಅಕ್ಟೋಬರಿನಲ್ಲಿ ತಂದ ಮರಿಗಳ ಹುಂಜಗಳು ಫೆಬ್ರವರಿ ಹೊತ್ತಿಗೆ ಬೆಳೆದು ಜಾತ್ರೆಗಳ ಕಾಲಕ್ಕೆ ಮಾರಾಟಕ್ಕೆ ಒದಗುತ್ತವೆ. ಫೆಬ್ರವರಿಯಲ್ಲಿ ತಂದ ಮರಿಗಳು ಮಳೆ ಹಿಡಿಯುವ ಮೊದಲೇ ನಾಲ್ಕು ತಿಂಗಳ ಕೋಳಿಗಳಾಗಿರುತ್ತವೆ. ಶ್ರಾವಣದಲ್ಲಿ ಮಾಂಸದ ಬೇಡಿಕೆ ಇಳಿಯುವುದರೊಳಗೆ ಹುಂಜಗಳನ್ನು ಮಾರಬಹುದು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಖಾನಾಪುರ ಕಡೆ ಒಂದು ದಿನದ ಮರಿಗಳನ್ನು ತರಲೇಕೂಡದು.

ಕಾವು ಕೊಡುವ ವಿಧಾನ

ತತ್ತಿಯಿಂದ ಹೊರಬಂದ ಮರಿಯ ಮೈಮೇಲೆ ತುಪ್ಪಳ ಮಾತ್ರ ಇರುತ್ತದೆ. ಪುಕ್ಕ ಬರುವವರೆಗೆ ತನ್ನ ಮೈಯ ಶಾಖವನ್ನು ತಾನು ಕಾಯ್ದುಕೊಳ್ಳಲು ಅದಕ್ಕೆ ಆಗದು. ತಾಯಿಕೋಳಿ ರೆಕ್ಕೆಯಡಿಯಲ್ಲಿ ಕೊಡುವ ಕಾವನ್ನು ಇಲ್ಲಿ ನಾವು ಕೊಡಬೇಕು.

ಮರಿಗಳು ಬರುವ ಒಂದು ವಾರ ಮೊದಲು ಕೋಣೆಯನ್ನು ತೊಳೆದು, ಸುಣ್ಣ ಹಚ್ಚಿ ಒಣಗಿಸಬೇಕು. ಇಲಿ ನುಗ್ಗುವ ಬಿಲಗಳನ್ನು ಮುಚ್ಚಬೇಕು. ಒಂದು ಹೆಗ್ಗಣ ಒಂದೇ ರಾತ್ರಿಯಲ್ಲಿ ಹಲವು ಮರಿಗಳನ್ನು ಹೊತ್ತೊಯ್ಯಬಲ್ಲದು. ನೆಲದ ಮೇಲೆ ಎರಡು ಅಂಗುಲ ದಪ್ಪ ಒಣ ಭತ್ತದ ಹೊಟ್ಟು ಹರಡಿ, ಮೊದಲ ಮೂರು ದಿನ ಅದರ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಬೇಕು. ಇಲ್ಲವಾದರೆ ಮರಿಗಳು ಹೊಟ್ಟನ್ನೇ ತಿನ್ನುತ್ತವೆ.

50 ಮರಿಗಳಿಗೆ ನಾಲ್ಕು ಅಡಿ ಅಡ್ಡಳತೆಯ, ಒಂದೂವರೆ ಅಡಿ ಎತ್ತರದ ದುಂಡನೆಯ ತಡೆ ಬೇಕು. ತಗಡು, ರಟ್ಟು ಅಥವಾ ಬಿದಿರಿನ ಚಾಪೆ ಆಗಬಹುದು. ತಡೆ ದುಂಡಗೇ ಇರಬೇಕು, ಮೂಲೆ ಇರಕೂಡದು. ಮೂಲೆಯಿದ್ದಲ್ಲಿ ಮರಿಗಳು ಒತ್ತಿ ಸಾಯುತ್ತವೆ. ಮರಿಗಳು ಬೆಳೆದಂತೆ ತಡೆಯನ್ನು ಹಿಗ್ಗಿಸುತ್ತ ಹೋಗಿ, ನಾಲ್ಕು ವಾರಕ್ಕೆ ಮರಿಗೆ ಅರ್ಧ ಚದರ ಅಡಿ, ಎಂಟು ವಾರಕ್ಕೆ ಒಂದು ಚದರ ಅಡಿ ಜಾಗ ಸಿಗುವಂತೆ ಮಾಡಬೇಕು.

ಶಾಖಕ್ಕೆ ಮರಿಯೊಂದಕ್ಕೆ ಎರಡು ವ್ಯಾಟ್ ಎಂದು ಲೆಕ್ಕ ಹಿಡಿಯಬೇಕು. 50 ಮರಿಗಳಿಗೆ 100 ವ್ಯಾಟಿನ ಒಂದು ಬಲ್ಬಿಗಿಂತ 60 ವ್ಯಾಟಿನ ಎರಡು ಬಲ್ಬು ಲೇಸು. ಒಂದು ಸುಟ್ಟರೂ ಇನ್ನೊಂದು ಉಳಿಯುತ್ತದೆ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಎಲ್‌ಇಡಿ ಬಲ್ಬುಗಳು ಬೆಳಕು ಕೊಡುತ್ತವೆಯೇ ಹೊರತು ಕಾವಿಗೆ ಸಾಲುವ ಶಾಖ ಕೊಡುವುದಿಲ್ಲ. ಹಳೆಯ ಮಾದರಿಯ ತಂತಿ ಬಲ್ಬನ್ನೇ ಕೇಳಿ ತರಬೇಕು. ಮರಿಗಳ ಮಟ್ಟದಲ್ಲಿ ಮೊದಲ ವಾರ 35, ಎರಡನೆಯ ವಾರ 32, ಮೂರನೆಯ ವಾರ 29, ನಾಲ್ಕನೆಯ ವಾರ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಬಲ್ಬನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತಿ ಶಾಖ ಕಡಿಮೆ ಮಾಡಬಹುದು.

ಉಷ್ಣತಾಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀರುತ್ತಿದ್ದರೆ ಶಾಖ ಸಾಲದು. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ತೇಗುತ್ತಿದ್ದರೆ ಶಾಖ ಹೆಚ್ಚಾಗಿದೆ. ಒಂದೇ ಬದಿಗೆ ಸೇರಿದ್ದರೆ ಇನ್ನೊಂದು ಬದಿಯಿಂದ ತಂಗಾಳಿ ಬೀಸುತ್ತಿದೆ. ಎಲ್ಲೆಡೆ ಹರಡಿಕೊಂಡು ತಿನ್ನುತ್ತ, ಕುಡಿಯುತ್ತ, ಮಲಗುತ್ತ ಇದ್ದರೆ ಎಲ್ಲವೂ ಸರಿಯಾಗಿದೆ. ರಾತ್ರಿ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ನೋಡುವುದು ಅತ್ಯವಶ್ಯ.

ವಿದ್ಯುತ್ ಹೋದರೆ?

ಇದು ನಮ್ಮ ಹಳ್ಳಿಗಳ ಮುಖ್ಯ ಪ್ರಶ್ನೆ. ಮರಿ ತರುವ ಮೊದಲೇ ಇದಕ್ಕೆ ಉತ್ತರ ಸಿದ್ಧವಿರಬೇಕು. ಎರಡು ಮಣ್ಣಿನ ಗಡಿಗೆ ಅಥವಾ ಡಬ್ಬಿಗಳಿಗೆ ಬಿಸಿನೀರು ತುಂಬಿ, ಬಾಯಿ ಬಿಗಿದು, ಗೋಣಿತಟ್ಟು ಸುತ್ತಿ ತಡೆಯ ನಡುವೆ ಇಟ್ಟರೆ ಮರಿಗಳು ಅದಕ್ಕೆ ಆತು ಕೂಡುತ್ತವೆ. ಮೇಲೆ ಅರ್ಧ ಭಾಗಕ್ಕೆ ಗೋಣಿಚೀಲ ಹೊದಿಸಬೇಕು. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿದರೆ ರಾತ್ರಿ ಕಳೆಯುತ್ತದೆ.

ಇದ್ದಿಲಿನ ಶೆಗಡಿ ಬಳಸುವವರು ಅದನ್ನು ಹೊರಗೆ ಹೊತ್ತಿಸಿ, ಹೊಗೆ ಪೂರ್ಣ ಅಡಗಿದ ಮೇಲೆಯೇ ಒಳಗೆ ತರಬೇಕು. ಮರಿಗಳು ಬೀಳದಂತೆ ಸುತ್ತ ಜಾಳಿಗೆ ಇರಬೇಕು. ಹೊಗೆ ಕಾಣದಿದ್ದರೂ ಉರಿಯುವ ಇದ್ದಿಲಿನಿಂದ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದುದರಿಂದ ಕಿಟಕಿ ತೆರೆದಿರಬೇಕು. ಶೆಗಡಿಯಿಟ್ಟ ಮುಚ್ಚಿದ ಕೋಣೆಯಲ್ಲಿ ಮನುಷ್ಯರು ಎಂದಿಗೂ ಮಲಗಕೂಡದು.

ನೀರು ಮತ್ತು ಆಹಾರ

ಮರಿಯ ಹೊಟ್ಟೆಯಲ್ಲಿ ಉಳಿದ ಭಂಡಾರದಿಂದ ಅದು ಎರಡು ದಿನಗಳವರೆಗೆ ಆಹಾರವಿಲ್ಲದೆ ಬದುಕಬಲ್ಲದು. ದೂರದ ಊರಿನಿಂದ ಮರಿ ತರಲು ಸಾಧ್ಯವಾಗುವುದು ಇದರಿಂದಲೇ. ಆದರೆ ದಾರಿಯಲ್ಲಿ ಬಾಯಾರಿರುತ್ತದೆ. ಬಂದ ಕೂಡಲೇ ಸ್ವಲ್ಪ ಬೆಲ್ಲ ಕರಗಿಸಿದ, ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಕೊಡಬೇಕು. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ ಬಿಟ್ಟರೆ ಅದು ಕಲಿಯುತ್ತದೆ. ನೀರಿನ ಪಾತ್ರೆ ಆಳವಿಲ್ಲದಿರಬೇಕು. ತಟ್ಟೆ ಬಳಸುವವರು ಅದರಲ್ಲಿ ಹರಳು ಹಾಕಬೇಕು. ಮೊದಲ ದಿನ ಸಣ್ಣ ಗೋವಿನಜೋಳದ ನುಚ್ಚನ್ನು ಪತ್ರಿಕೆಯ ಮೇಲೆ ಎರಚಿ, ನಂತರ ಮರಿಗಳ ಆಹಾರವನ್ನು ತಟ್ಟೆಯಲ್ಲಿಡಬೇಕು.

ಮೊದಲ ಆರು ವಾರ ಶೇ. 20ಕ್ಕೆ ಕಡಿಮೆಯಿಲ್ಲದಷ್ಟು ಸಸಾರಜನಕವುಳ್ಳ ಮರಿಗಳ ಆಹಾರವನ್ನೇ ಕೊಳ್ಳಬೇಕು. ಇಲ್ಲಿ ಉಳಿತಾಯ ಮಾಡಲು ಹೋಗಿ ಬರೀ ಅಕ್ಕಿ ನುಚ್ಚು ಹಾಕಿದರೆ ಮರಿಗಳು ಬೆಳೆಯುವುದಿಲ್ಲ. ಆರು ವಾರಕ್ಕೆ ಒಂದು ಮರಿಗೆ ಸುಮಾರು ಒಂದೂವರೆ ಕಿಲೋ ಆಹಾರ ಬೇಕು. 50 ಮರಿಗಳಿಗೆ 75 ಕಿಲೋ, ಅಂದರೆ 50 ಕಿಲೋ ತೂಕದ ಒಂದೂವರೆ ಚೀಲ. ಮರಿಯ ಬೆಲೆಯ ಜೊತೆಗೆ ಈ ಖರ್ಚನ್ನೂ ಮೊದಲೇ ಹೊಂದಿಸಿಟ್ಟುಕೊಳ್ಳಬೇಕು.

ಆರು ವಾರದ ನಂತರ ಮನೆಯಲ್ಲಿಯೇ ಆಹಾರ ಮಿಶ್ರಣ ಮಾಡಬಹುದು. 100 ಕಿಲೋ ಮಿಶ್ರಣಕ್ಕೆ ಗೋವಿನಜೋಳದ ನುಚ್ಚು 50 ಕಿಲೋ, ಭತ್ತದ ತೌಡು 28 ಕಿಲೋ, ಸೋಯಾ ಹಿಂಡಿ 19 ಕಿಲೋ, ಖನಿಜ ಮಿಶ್ರಣ ಎರಡೂವರೆ ಕಿಲೋ ಮತ್ತು ಉಪ್ಪು ಅರ್ಧ ಕಿಲೋ. ಹೊಲದಲ್ಲಿ ಬೆಳೆದ ಸೋಯಾ ಕಾಳನ್ನು ಹಸಿಯಾಗಿ ಹಾಕಕೂಡದು. ಜೀರ್ಣಕ್ಕೆ ತಡೆಯೊಡ್ಡುವ ಅಂಶ ಅದರಲ್ಲಿದೆ, ಹುರಿದರೆ ಮಾತ್ರ ಅದು ನಾಶವಾಗುತ್ತದೆ. ಬೂಷ್ಟು ಹಿಡಿದ ಗೋವಿನಜೋಳ ಅಥವಾ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಬಿಸಿಲಿಗೆ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಮನುಷ್ಯರು ತಿನ್ನದ ಕಾಳನ್ನು ಕೋಳಿಗೆ ಹಾಕೋಣ ಎಂಬ ಪದ್ಧತಿ ಬಿಡಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ದೂರವಿಡಬೇಕು.

ಒಂದು ಮನೆಯ ಹಿತ್ತಲಲ್ಲಿ ಹುಳುಹುಪ್ಪಟೆ, ಕಾಳುಕಡಿ, ಹಸಿರು ಸೇರಿ ಹತ್ತು ಹದಿನೈದು ಕೋಳಿಗಳಿಗಷ್ಟೇ ಮೇವು ಸಿಗುತ್ತದೆ. ಅದಕ್ಕಿಂತ ಹೆಚ್ಚು ಸಾಕುವವರು ಕೈಯಿಂದ ಹಾಕಲೇಬೇಕು.

ಹಾಸು ಮತ್ತು ರಕ್ತಭೇದಿ

ಹೊಟ್ಟಿನ ಹಾಸನ್ನು ದಿನಕ್ಕೊಮ್ಮೆ ಕೆದರಬೇಕು. ನೀರು ಚೆಲ್ಲಿದ ಭಾಗವನ್ನು ತೆಗೆದು ಒಣ ಹೊಟ್ಟು ಹಾಕಬೇಕು. ಮರಿಗಳ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಉಸಿರೆಳೆದಾಗ ಕಣ್ಣು, ಮೂಗು ಉರಿದರೆ ಗಾಳಿಯಾಡುತ್ತಿಲ್ಲವೆಂದು ತಿಳಿಯಬೇಕು. ಹಾಸು ಒದ್ದೆಯಾದರೆ ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶುವೈದ್ಯರಲ್ಲಿಗೆ ಹೋಗಬೇಕು. ಎರಡು ದಿನ ಕಾದರೆ ಅರ್ಧ ಮರಿಗಳು ಹೋಗಬಹುದು. ತೆಗೆದ ಹಾಸನ್ನು ಚೆಲ್ಲಬಾರದು. ಇದರಲ್ಲಿ ಕೊಟ್ಟಿಗೆ ಗೊಬ್ಬರಕ್ಕಿಂತ ಹೆಚ್ಚು ಸಾರಜನಕ ಮತ್ತು ರಂಜಕವಿರುತ್ತದೆ. ತಿಪ್ಪೆಯಲ್ಲಿ ಕೊಳೆಸಿ ನಂತರ ಗದ್ದೆಗೆ ಹಾಕಬೇಕು; ಹಸಿಯಾಗಿ ಹಾಕಿದರೆ ಸಸಿಗಳು ಸುಡುತ್ತವೆ.

ಲಸಿಕೆಗಳು

ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ ರೋಗ ಬಂದ ಮೇಲೆ ಔಷಧವಿಲ್ಲ. ಮುಂಚೆ ಲಸಿಕೆ ಹಾಕಿಸುವುದೊಂದೇ ಉಪಾಯ.

5–7ನೆಯ ದಿನ: ರಾಣಿಖೇತ ಲಸಿಕೆ (ಎಫ್ ಅಥವಾ ಲಸೋಟಾ), ಕಣ್ಣು ಇಲ್ಲವೆ ಮೂಗಿಗೆ ಒಂದು ಹನಿ.
14ನೆಯ ದಿನ: ಗುಂಬೊರೊ ಲಸಿಕೆ.
28ನೆಯ ದಿನ: ರಾಣಿಖೇತ ಲಸೋಟಾ ಎರಡನೆಯ ಸಲ.
6–7ನೆಯ ವಾರ: ಸಿಡುಬಿನ ಲಸಿಕೆ, ರೆಕ್ಕೆಯ ಚರ್ಮಕ್ಕೆ.
8–10ನೆಯ ವಾರ: ರಾಣಿಖೇತ ಆರ್2ಬಿ, ಚುಚ್ಚುಮದ್ದು.

ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಬಿಸಿಲು ತಗಲಿದರೆ ಅದು ಸತ್ತು, ನೀರು ಹಾಕಿದಷ್ಟೇ ಫಲ ಸಿಗುತ್ತದೆ. ಬೆಳಗಾವಿಯಿಂದ ಹಳ್ಳಿಗೆ ತರುವಾಗ ಬರ್ಫ ತುಂಬಿದ ಥರ್ಮಾಸಿನಲ್ಲಿಯೇ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಸಂಜೆಯ ತಂಪಿನಲ್ಲಿ ಹಾಕಬೇಕು. ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಆದ್ದರಿಂದ ಊರಿನ ನಾಲ್ಕೈದು ಮನೆಯವರು ಒಂದೇ ವಾರದಲ್ಲಿ ಮರಿ ತಂದು, ಒಂದೇ ದಿನ ಲಸಿಕೆ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ಹಿತ್ತಲ ಜವಾರಿ ಕೋಳಿಗಳಿಗೂ ಅದೇ ದಿನ ಅವುಗಳ ವಯಸ್ಸಿಗೆ ತಕ್ಕ ಲಸಿಕೆ ಹಾಕಿಸಬೇಕು. ರೋಗ ಹೊಸ ಮರಿಗಳಿಗೆ ಹೆಚ್ಚಾಗಿ ಅವುಗಳಿಂದಲೇ ಬರುತ್ತದೆ. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಅವನ್ನು ಸಂತೆಗೆ ಒಯ್ಯದೆ, ಹಳ್ಳಕ್ಕೆ ಎಸೆಯದೆ, ಪಶು ಆಸ್ಪತ್ರೆಗೆ ತಿಳಿಸಬೇಕು.

ಹಿತ್ತಲಿಗೆ ಬಿಡುವುದು

ಆರು ವಾರ ತುಂಬಿದ ಮೇಲೆ, ಮಳೆಯಿಲ್ಲದ ದಿನ, ಮೊದಲು ಒಂದೆರಡು ಗಂಟೆ ಬಿಟ್ಟು ರೂಢಿ ಮಾಡಿಸಬೇಕು. ಸಂಜೆ ಗೂಡಿನಲ್ಲಿ ಕಾಳು ಹಾಕಿದರೆ ತಾವಾಗಿಯೇ ಬರುತ್ತವೆ. ರಾತ್ರಿಯ ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿದ್ದು, ಮುಂಗುಸಿ, ಕಾಡುಬೆಕ್ಕು, ಹಾವು ನುಗ್ಗದಂತೆ ಸಣ್ಣ ಕಣ್ಣಿನ ಜಾಳಿಗೆ ಹೊಂದಿರಬೇಕು. ತತ್ತಿ ಇಡಲು ತೊಡಗಿದ ಹೇಂಟೆಗಳಿಗೆ ಸುಣ್ಣಕಲ್ಲಿನ ಅಥವಾ ಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿಡಬೇಕು.

ಕೊನೆಯದಾಗಿ, ಒಂದು ವಹಿ ಇಡಬೇಕು. ತಂದ ಮರಿ, ಸತ್ತ ಮರಿ, ಆಹಾರದ ಖರ್ಚು, ಮಾರಿದ ತತ್ತಿ ಇವಿಷ್ಟನ್ನು ಬರೆದಿಟ್ಟರೆ ವರ್ಷದ ಕೊನೆಗೆ ಲಾಭವಾಯಿತೋ ನಷ್ಟವಾಯಿತೋ ತಾನೇ ತಿಳಿಯುತ್ತದೆ. ಮನೆಯ ಕೋಳಿಗಳ ಲೆಕ್ಕ ಹೆಚ್ಚಾಗಿ ತಾಯಂದಿರ ಕೈಯಲ್ಲಿರುತ್ತದೆ. ವಿಸ್ತರಣಾ ಕಾರ್ಯಕರ್ತರು ತರಬೇತಿಗೆ ಕರೆಯುವಾಗ ಮನೆಯ ಯಜಮಾನರನ್ನಷ್ಟೇ ಕರೆದು ಬರಬಾರದು.

ಮೊದಲು ಹೇಳಿದ ಜಾಂಬೋಟಿ ಕಡೆಯ ಮಹಿಳೆ ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಮರಿ ತಂದರು. ಈ ಸಲ ತಂದದ್ದು ಇಪ್ಪತ್ತೈದೇ. ತಡೆ ದುಂಡಗಿತ್ತು, ಬಿಸಿನೀರಿನ ಗಡಿಗೆ ಪಕ್ಕದಲ್ಲಿ ಸಿದ್ಧವಿತ್ತು. ಎರಡು ಮರಿ ಸತ್ತವು, ಇಪ್ಪತ್ತಮೂರು ಉಳಿದವು. ಮಳೆ ಹಿಡಿಯುವ ಮುನ್ನ ಹುಂಜಗಳನ್ನು ಮಾರಿದರು. ಸಂಘದ ಸಾಲದ ಕಂತು ಈಗ ತತ್ತಿಯ ಹಣದಿಂದ ಹೋಗುತ್ತಿದೆ. ಚಿಕ್ಕದಾಗಿ ಪ್ರಾರಂಭಿಸಿ, ಒಂದು ತಂಡವನ್ನು ಪೂರ್ತಿ ಬೆಳೆಸಿ ನೋಡಿ, ನಂತರವೇ ಸಂಖ್ಯೆ ಹೆಚ್ಚಿಸುವುದು ಎಲ್ಲ ಹೊಸಬರಿಗೂ ಯೋಗ್ಯವಾದ ದಾರಿ.